ಹಸಿರು ಪೊಟ್ಟಣದ ಗಡುವು

ತು ಮ್ಯಾನೇಜರ್ ಬರುವಾಗ ಎಲೆಗಂಟಿನ ಅನ್ನದ ಪೆಟ್ಟಿಗೆ ತಂದಿದ್ದ. ದೋಣಿಹಬ್ಬ ಹತ್ತಿರವಿತ್ತು. ಹಬ್ಬದ ಹೊತ್ತಿನಲ್ಲಿ ಬರಿಗೈಯಲ್ಲಿ ಬಂದವರು ಜಗಳಕ್ಕೆ ಬಂದವರೆಂದು ತೈನಾನ್ ಊರಿನ ಲೆಕ್ಕ. ಕೈತುಂಬ ತಂದವರು ಅದಕ್ಕಿಂತ ದೊಡ್ಡದಕ್ಕೆ ಬಂದವರೆಂದು ವೆಂಗ್ ಸುಹ್ವಾಳ ಲೆಕ್ಕ. ಅವಳು ಪೆಟ್ಟಿಗೆಯನ್ನು ಒಳಗಿನ ಮೇಜಿಗೆ ಒಯ್ಯಲಿಲ್ಲ. ಬಾಗಿಲ ಬಳಿ ಚಪ್ಪಲಿಯ ಕಪಾಟಿನ ಮೇಲಿಟ್ಟಳು. ಹೊರಡುವಾಗ ಮರಳಿಸಲು ಅನುಕೂಲ.

"ಅಕ್ಕ, ಎರಡೇ ವರ್ಷ," ಎಂದ ತು, ಕೂರುವುದಕ್ಕೆ ಮೊದಲೇ. "ಇನ್ನೆರಡು ವರ್ಷ ಹಳೇದನ್ನ ಇಟ್ಕೊಳ್ಳಿ. ಅಷ್ಟರೊಳಗೆ ನಾವೇ ಎಲ್ಲಾ ಬದಲಾಯಿಸ್ತೀವಿ."

"ಹೋದ ಸಲಾನೂ ಎರಡು ವರ್ಷ ಅಂದಿದ್ರಿ."

"ಅಂದಿದ್ದು ನಾನಲ್ಲ ಅಕ್ಕ, ನನ್ನ ಹಿಂದಿನ ಮ್ಯಾನೇಜರು."

"ಕುರ್ಚಿ ಅದೇ ತಾನೆ?"

ಹಳೆಯದೆಂದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಎರಡನೆಯ ಆವೃತ್ತಿ. ಅದನ್ನು ಕಟ್ಟಿದವರೇ ಅದಕ್ಕೆ ಎಳ್ಳುನೀರು ಬಿಟ್ಟು ವರ್ಷಗಳು ಸಂದಿದ್ದವು. ಅದರಲ್ಲಿ ಬಿರುಕು ಕಂಡರೆ ಮುಚ್ಚುವ ಹೊಣೆ ಹೊತ್ತವರು ಯಾರೂ ಉಳಿದಿರಲಿಲ್ಲ. ಸುಹ್ವಾ ಬರೆದ ತಂತ್ರಾಂಶ ಮಾತ್ರ ಇನ್ನೂ ಹಳೆಯದರಲ್ಲೂ ಹೊಸದರಲ್ಲೂ ನಡೆಯುತ್ತಿತ್ತು. ಅದರ ಹೆಸರು ‘ಮೀನುಸಿರು’. ಕೊಳದ ನೀರಿನಲ್ಲಿ ಆಮ್ಲಜನಕ ಎಷ್ಟಿದೆಯೆಂದು ಅಳತೆಗೋಲು ಹೇಳುವ ಅಂಕಿಯನ್ನು ಉಪ್ಪಿಗೂ ಸೆಕೆಗೂ ತಕ್ಕಂತೆ ತಿದ್ದುವುದು, ಆಮ್ಲಜನಕ ಇಳಿದಾಗ ನೀರು ಕಡೆಯುವ ಚಕ್ರವನ್ನು ತಿರುಗಿಸುವುದು, ಇಷ್ಟೇ ಅದರ ಕೆಲಸ. ಒಂದು ಬೇಸಗೆಯ ಬೆಳಗ್ಗೆ ಅವಳ ತಂದೆಯ ಕೊಳದ ಹೂಮೀನೆಲ್ಲ ಉಸಿರುಕಟ್ಟಿ, ಹೊಟ್ಟೆ ಮೇಲಾಗಿ ತೇಲಿದ ನಂತರ ಬರೆದದ್ದು ಅದು. ಮೂಲವನ್ನು ಲೋಕಕ್ಕೆ ತೆರೆದಿಟ್ಟಳು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಮಾರಲೂಬಹುದು. ಕೊನೆಯಲ್ಲಿ ಒಂದು ಮಾತು ಸೇರಿಸಿದ್ದಳು: ಇದ್ದ ಹಾಗೆ ಕೊಟ್ಟಿದ್ದೇನೆ, ಹೊಣೆ ನನ್ನದಲ್ಲ.

ತುವಿನ ಕಂಪನಿ ಮೊದಲ ಮಾತನ್ನು ಮನನ ಮಾಡಿತ್ತು, ಕೊನೆಯ ಮಾತಿನವರೆಗೆ ಓದಿರಲಿಲ್ಲ. ‘ಮೀನುಸಿರ’ನ್ನು ಒಂದು ಬೂದುಬಣ್ಣದ ಪೆಟ್ಟಿಗೆಯಲ್ಲಿ ಕೂರಿಸಿ, ಬೇಮೆನ್ ಕರಾವಳಿಯ ಕೊಳಗಳಿಗೆಲ್ಲ ಮಾರಿ, ಪೆಟ್ಟಿಗೆಯ ಮೇಲೆ ‘ಜೀವಮಾನದ ಭರವಸೆ’ ಎಂದು ಅಚ್ಚು ಹಾಕಿಸಿತ್ತು. ಯಾರ ಜೀವಮಾನವೆಂದು ಅಚ್ಚಾಗಿರಲಿಲ್ಲ.

ಹಳೆಯದನ್ನು ಉಳಿಸಿಕೊಳ್ಳುವುದೆಂದರೆ ಒಂದೇ ಅಡುಗೆಯನ್ನು ಎರಡು ಒಲೆಯ ಮೇಲೆ ಬೇಯಿಸಿದಂತೆ. ಪ್ರತಿ ತಿದ್ದುಪಡಿಯನ್ನೂ ಸುಹ್ವಾ ಎರಡು ಬಗೆಯಾಗಿ ಬರೆಯಬೇಕಿತ್ತು, ಎರಡು ಬಗೆಯಾಗಿ ಪರೀಕ್ಷಿಸಬೇಕಿತ್ತು. ‘ಮೀನುಸಿರು’ ಆತುಕೊಂಡಿದ್ದ ಬೇರೆಯವರ ತಂತ್ರಾಂಶಗಳು ಒಂದೊಂದಾಗಿ ಹಳೆಯದನ್ನು ಬಿಟ್ಟು ಹೋಗಿದ್ದವು. ಜೊತೆಗೆ ದುಡಿಯುತ್ತಿದ್ದ ಗೆಳೆಯ ಕೊ, "ಹೆಣಕ್ಕೆ ಸ್ನಾನ ಮಾಡಿಸೋ ಕೆಲಸ ನನಗೆ ಬೇಡ," ಎಂದು ಬಿಟ್ಟುಹೋಗಿದ್ದ. ಈಚೆಗೆ ಹೊಸ ಬಗೆಯ ಅಳತೆಗೋಲು ಬಂದಿತ್ತು. ಬಿಸಿಯಾದ ಉಪ್ಪುನೀರಿನಲ್ಲಿ ಅದರ ಲೆಕ್ಕ ತಪ್ಪುತ್ತಿತ್ತು, ಇಲ್ಲದ ಆಮ್ಲಜನಕವನ್ನು ಇದೆ ಎನ್ನುತ್ತಿತ್ತು. ಅದನ್ನು ತಿದ್ದುವ ದಾರಿ ಹೊಸ ಆವೃತ್ತಿಯಲ್ಲಿತ್ತು, ಹಳೆಯದರಲ್ಲಿ ಇರಲಿಲ್ಲ. ಊರೂರುಗಳ ಸೀಗಡಿ ಸಾಕಣೆಯವರು ಆ ತಿದ್ದುಪಡಿಗೆ ಕಾಯುತ್ತಿದ್ದರು. ಹಳೆಯದನ್ನು ಕೈಬಿಡುವ ದಿನವನ್ನು ಸುಹ್ವಾ ವರ್ಷದ ಹಿಂದೆಯೇ ಸಾರಿದ್ದಳು: ದೋಣಿಹಬ್ಬದ ಮರುದಿನ.

"ವರ್ಷದಿಂದ ಹೇಳ್ತಿದ್ದೀನಿ," ಎಂದಳು. "ಹಳೇ ಯಂತ್ರದಲ್ಲಿ ಶುರುವಾದಾಗೆಲ್ಲ ಎಚ್ಚರಿಕೆ ಬರುತ್ತೆ. ನೀವು ಬಂದಿರೋದು ಇವತ್ತು."

"ಎಚ್ಚರಿಕೆನಾ? ನಮ್ಮ ಪೆಟ್ಟಿಗೇಲಿ ಅಂಥದ್ದೇನೂ ಕಾಣ್ಸಿಲ್ವಲ್ಲ."

"ಕಾಣದೇ ಇದ್ರೂ ತೊಂದರೆ ಇಲ್ಲ. ಹೊಸದಕ್ಕೆ ಕನಿಷ್ಠ ಯಾವ ಆವೃತ್ತಿ ಬೇಕು ಅಂತ ಬರೆದಿದ್ದೀನಿ. ಹಳೇ ಯಂತ್ರ ಅದನ್ನ ಓದ್ಕೊಂಡು ಹಳೇದನ್ನೇ ಇಟ್ಕೊಳ್ಳುತ್ತೆ. ಯಾವ ಮೀನೂ ಸಾಯಲ್ಲ."

ತು ಚಹಾದ ಬಟ್ಟಲನ್ನು ತಿರುಗಿಸಿದ. "ನಮ್ಮವು ಓದಲ್ಲ ಅಕ್ಕ. ಒಂದರಲ್ಲಿ ಪರೀಕ್ಷೆ ಮಾಡಿಸಿದ್ವಿ. ಪ್ರತಿ ಮಧ್ಯಾಹ್ನ ಪೆಟ್ಟಿಗೆ ತಾನೇ ಆರಿ ತಾನೇ ಹೊತ್ಕೊಳ್ಳುತ್ತೆ. ಹೊತ್ಕೊಂಡಾಗ ಹೊಸದೇನಿದ್ರೂ ಕಣ್ಮುಚ್ಚಿ ಎಳ್ಕೊಳ್ಳುತ್ತೆ. ನಿಮ್ಮ ಹೊಸದು ಒಳಗೆ ಬಂತೋ, ಪೆಟ್ಟಿಗೆ ಮಲ್ಕೊಂಡಂಗೆ."

"ಅದನ್ನ ಹಾಗೆ ಮಾಡಿದ್ಯಾರು?"

"ಮಾಡಿದೋನು ಕೆಲಸ ಬಿಟ್ಟು ಎಷ್ಟೋ ಕಾಲ ಆಯ್ತು. ಪ್ರತಿ ಕೊಳಕ್ಕೂ ಜನ ಕಳಿಸಿ ಬದಲಾಯಿಸೋಕೆ ನಮ್ಮಲ್ಲಿ ಜನ ಎಲ್ಲಿದಾರೆ?" ತು ಧ್ವನಿ ತಗ್ಗಿಸಿದ. "ನಿಮ್ಮ ಚಿಕ್ಕಪ್ಪನ ಕೊಳದಲ್ಲಿರೋದೂ ನಮ್ಮ ಪೆಟ್ಟಿಗೇನೆ. ನೀವು ಗುಂಡಿ ಒತ್ತಿದ ಮಾರನೇ ಬೆಳಗ್ಗೆ ಆ ಮುದುಕ ಕೊಳದ ದಂಡೇಲಿ ನಿಂತು ಏನು ನೋಡ್ಬೇಕಾಗುತ್ತೆ ಅಂತ ಯೋಚನೆ ಮಾಡಿ. ನಿಮ್ಮಪ್ಪ ನೋಡಿದ್ದನ್ನೇ."

ಸುಹ್ವಾ ತನ್ನ ಬಟ್ಟಲನ್ನು ಕೆಳಗಿಟ್ಟಳು.

"ಇನ್ನೊಂದು ದಾರಿ ಇದೆ," ಎಂದ ತು, ಅದನ್ನು ಒಪ್ಪಿಗೆಯೆಂದು ಎಣಿಸಿ. "ಹೊಸದಕ್ಕೆ ಬೇರೆ ಹೆಸರಿಡಿ. ‘ಮೀನುಸಿರು’ ಅನ್ನೋ ಹೆಸರನ್ನ ಹಾಗೇ ನಮಗೆ ಬಿಟ್ಟುಬಿಡಿ. ನಮ್ಮ ಪೆಟ್ಟಿಗೆಗೂ ನೆಮ್ಮದಿ, ನಿಮಗೂ ನೆಮ್ಮದಿ. ಬರೀ ಹೆಸರು ತಾನೆ."

ಹೆಸರು ಅವಳ ತಂದೆಯ ಬಾಯಿಂದ ಬಂದದ್ದು. ಬೆಳಗಿನ ಜಾವ ದಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ಆತ, "ಕೇಳು, ಮೀನುಸಿರು," ಎನ್ನುತ್ತಿದ್ದ. ನೀರಿನ ಮೇಲೆ ಬಾಯಿ ತೆರೆಯುವ ಮೀನಿನ ಸದ್ದು ಅದು. ಆ ಸದ್ದು ಕೇಳಿದರೆ ಓಡಬೇಕು.

ಸುಹ್ವಾ ಎದ್ದು ಚಪ್ಪಲಿಯ ಕಪಾಟಿನ ಮೇಲಿದ್ದ ಪೆಟ್ಟಿಗೆಯನ್ನು ತುವಿನ ಕೈಗೆ ಇಟ್ಟಳು. "ದಿನ ಬದಲಾಗಲ್ಲ. ಹೆಸರೂ ಬದಲಾಗಲ್ಲ. ನನ್ನ ಚಿಕ್ಕಪ್ಪನ ಮೀನನ್ನ ನನ್ನ ಕುತ್ತಿಗೆಗೆ ಕಟ್ಟಿ ಬಾವಿಗೆ ತಳ್ಳೋಕೆ ಬಂದಿದ್ದೀರಿ. ಅನ್ನ ತಗೊಂಡ್ಹೋಗಿ, ಹಳಸುತ್ತೆ."

ಮರುದಿನವೇ ಅವಳು ಬೇಮೆನ್‌ಗೆ ಹೋದಳು. ಚಿಕ್ಕಪ್ಪ ವೆಂಗ್ ಚಿನ್‌ಶುಯಿ ತಗಡಿನ ಚಪ್ಪರದ ಕೆಳಗೆ ಅಡಿಕೆ ಜಗಿಯುತ್ತ ಬಲೆ ಹೊಲಿಯುತ್ತಿದ್ದ. ಪಕ್ಕದ ಕೊಳದ ಒಡತಿ ಚ್ವಾನ್ ಅತ್ತೆ ಹೂಮೀನಿನ ಗಂಜಿ ತಂದು, ತಾನೇ ಅರ್ಧ ತಿಂದು ಮುಗಿಸಿದ್ದಳು.

"ಬಂದ್ಳು ನೋಡು ನಮ್ಮ ಕಂಪ್ಯೂಟರ್ ದೇವತೆ," ಎಂದಳು ಚ್ವಾನ್ ಅತ್ತೆ. "ಮುಖ ಯಾಕೆ ಹಾಗಲಕಾಯಿ ಆಗಿದೆ?"

"ಪೆಟ್ಟಿಗೆ ತೋರಿಸು ಚಿಕ್ಕಪ್ಪ."

ಪೆಟ್ಟಿಗೆ ಕಂಬಕ್ಕೆ ತಗುಲಿತ್ತು. ಅದರ ನೆತ್ತಿಯ ಮೇಲೆ, ರಬ್ಬರ್ ಪಟ್ಟಿಯಲ್ಲಿ ಬಿಗಿದು, ಜೋಳದ ಸಿಹಿ ಕುರುಕಲಿನ ಹಸಿರು ಪೊಟ್ಟಣ. ಅದಿಲ್ಲದ ಯಂತ್ರ ಈ ದ್ವೀಪದಲ್ಲಿ ಸಿಗುವುದು ಕಷ್ಟ. ‘ಜಾಣಮರಿಯಾಗಿರು’ ಎಂದು ಮಗುವಿಗೆ ಹೇಳುವ ಮಾತೇ ಆ ತಿಂಡಿಯ ಹೆಸರು. ಪೊಟ್ಟಣ ಮೇಲಿದ್ದರೆ ಯಂತ್ರವೂ ಜಾಣಮರಿಯಾಗಿರುತ್ತದೆಂದು ನಂಬಿಕೆ. ಬಣ್ಣ ಹಸಿರೇ ಆಗಬೇಕು. ತಿನ್ನುವ ಗಡುವು ಮೀರಿರಬಾರದು. ಮೀರಿದರೆ ಯಂತ್ರ ಮುನಿಯುತ್ತದೆ. ಯಂತ್ರದ ಮೇಲಿದ್ದುದನ್ನು ತೆಗೆದು ತಿಂದರಂತೂ ಮುಗಿಯಿತು. ಸುಹ್ವಾಳ ಮನೆಯ ಯಂತ್ರದ ಮೇಲೂ ಒಂದಿತ್ತು.

"ತಾಜಾ ಇದೆ," ಎಂದ ಚಿನ್‌ಶುಯಿ ಹೆಮ್ಮೆಯಿಂದ, ಪೊಟ್ಟಣದ ಬೆನ್ನು ತಿರುಗಿಸಿ ತೋರಿಸುತ್ತ. "ಇನ್ನೂ ಗಡುವು ಬೇಕಾದಷ್ಟಿದೆ. ಕಂಪನಿಯೋರು ಇದರಲ್ಲಿ ಮಾತ್ರ ತಪ್ಪಲ್ಲ. ಮುಗಿಯೋಕೆ ಮುಂಚೆ ಬಂದು ಹೊಸದು ಕಟ್ಟಿ, ಹಳೇದು ಬಿಚ್ಕೊಂಡು ಹೋಗ್ತಾರೆ."

"ಯಾರು ಬರ್ತಾರೆ?"

"ಕಂಪನಿ ಜನ. ಸ್ಕೂಟರ್ ಮೇಲೆ."

"ಎಲ್ಲಾ ಕೊಳಕ್ಕೂ?"

"ಮತ್ತೆ? ಒಬ್ಬರಿಗೆ ಕಟ್ಟಿ ಇನ್ನೊಬ್ಬರಿಗೆ ಬಿಟ್ರೆ ಈ ಚ್ವಾನ್ ಸುಮ್ನಿರ್ತಾಳಾ?"

ಸುಹ್ವಾ ಪೊಟ್ಟಣವನ್ನೇ ನೋಡುತ್ತ ನಿಂತಳು. ಪ್ರತಿ ಕೊಳಕ್ಕೂ ಕಳಿಸಲು ಜನ ಎಲ್ಲಿದ್ದಾರೆ ಎಂದು ತು ಕೇಳಿದ್ದ. ಜನ ಇದ್ದರು. ಸ್ಕೂಟರ್ ಇತ್ತು. ಬಂದವರು ತಿಂಡಿಯ ಗಡುವು ನೋಡಿ, ಪೆಟ್ಟಿಗೆಗೆ ಕೈಮುಗಿದು, ಮರಳಿ ಹೋಗುತ್ತಿದ್ದರು. ಪೊಟ್ಟಣದ ಕೆಳಗೆ, ಒಂದು ಬೆರಳಿನ ಅಂತರದಲ್ಲಿ, ಗಡುವು ಮೀರಿ ಕೊಳೆತದ್ದು ಓಡುತ್ತಿತ್ತು.

ಅವಳು ಲ್ಯಾಪ್‌ಟಾಪಿನ ತಂತಿಯನ್ನು ಪೆಟ್ಟಿಗೆಗೆ ಸಿಕ್ಕಿಸಲು ಹೋದಳು. ಬಾಗಿಲಿಗೆ ಕಂಪನಿಯ ಮುದ್ರೆಯ ಕಾಗದ ಅಂಟಿಸಿತ್ತು: ಹರಿದರೆ ಭರವಸೆ ರದ್ದು.

"ಹರೀಲಾ?"

"ಪೆಟ್ಟಿಗೆಗೆ ದುಡ್ಡು ಕೊಟ್ಟೋನು ನಾನು," ಎಂದು ಚಿನ್‌ಶುಯಿ ತಾನೇ ಉಗುರಿನಿಂದ ಕಿತ್ತ.

ಒಳಗೆ ನೋಡಿದಾಗ ಎಲ್ಲ ತಿಳಿಯಿತು. ಹೊಸದನ್ನು ತಂದು ಕೂರಿಸುವ ಉಪಕರಣವೂ ಅಷ್ಟೇ ಹಳೆಯದು. ಕನಿಷ್ಠ ಆವೃತ್ತಿ ಎಂಬ ಮಾತು ಹುಟ್ಟುವುದಕ್ಕೂ ಮೊದಲಿನದು. ಅದಕ್ಕೆ ಸುಹ್ವಾಳ ಸೂಚನೆ ಕುರುಡನ ಮುಂದೆ ಹಿಡಿದ ಕನ್ನಡಿ. ಅದರ ಮೇಲೆ ಇನ್ನೊಂದು ಸಾಲಿತ್ತು. ಎಲ್ಲ ಎಚ್ಚರಿಕೆಗಳನ್ನೂ ಮುಚ್ಚಿಡು ಎಂಬ ಆಜ್ಞೆ, ಅದರ ಪಕ್ಕದಲ್ಲಿ ಬರೆದವನ ಟಿಪ್ಪಣಿ: ‘ಗದ್ದಲ ಬೇಡ’. ಬರೆದ ತಾರೀಖು ಅವಳು ಎಚ್ಚರಿಕೆ ಸೇರಿಸಿದ ವಾರದ್ದೇ. ಯಾರೋ ಅದನ್ನು ಕಂಡಿದ್ದರು. ಕಂಡು, ಬಾಯಿಗೆ ಬಟ್ಟೆ ತುರುಕಿದ್ದರು.

"ಏನಂತೆ?" ಎಂದಳು ಚ್ವಾನ್ ಅತ್ತೆ.

"ನಾಯಿ ಬೊಗಳ್ತು ಅಂತ ನಾಯಿ ಬಾಯಿ ಹೊಲಿದು, ಕಳ್ಳನಿಗೆ ಬಾಗಿಲು ತೆಗೆದಿಟ್ಟಿದ್ದಾರೆ."

"ಸರಿಹೋಗುತ್ತಾ?"

"ಒಂದು ಸಾಲು ಬರೆದ್ರೆ ಸಾಕು. ಈಗಿರೋದನ್ನೇ ಇಟ್ಕೊ, ಹೊಸದು ಬೇಡ ಅಂತ. ನಿಮ್ಮವು ಹಳೇ ಅಳತೆಗೋಲು, ಅದಕ್ಕೆ ಈಗಿರೋ ಲೆಕ್ಕ ಸರಿಯಾಗೇ ಇದೆ." ಬರೆದಳು. ಚಿನ್‌ಶುಯಿ ಬಾಯಲ್ಲಿದ್ದ ಅಡಿಕೆ ಉಗುಳುವಷ್ಟರಲ್ಲಿ ಮುಗಿಯಿತು. ಅದು ಅವಳ ಸಿಟ್ಟನ್ನು ಇಳಿಸಲಿಲ್ಲ, ಏರಿಸಿತು. ಇಷ್ಟು ಚಿಕ್ಕದಕ್ಕೆ ತನ್ನ ಎರಡು ವರ್ಷ ಕೇಳಿದ್ದರು, ತಂದೆಯ ಬಾಯಿಂದ ಬಂದ ಹೆಸರನ್ನೂ ಬೇಡಿದ್ದರು.

"ಇನ್ನೆರಡು ವರ್ಷ ಕೊಟ್ಟಿದ್ರೆ ನಿನಗೇನು ಹೋಗ್ತಿತ್ತು?" ಎಂದ ಚಿನ್‌ಶುಯಿ, ಮೆಲ್ಲಗೆ. "ಕೇಳ್ತಿದ್ದೀನಿ ಅಷ್ಟೇ."

"ಈ ಎರಡು ಆದ್ಮೇಲೆ ಇನ್ನೆರಡು. ನೀನು ಕೊಳದ ನೀರು ಬದಲಾಯಿಸ್ದೇ ಎಷ್ಟು ಬೆಳೆ ತೆಗೀತೀಯ?"

ಚಿನ್‌ಶುಯಿ ಸ್ಕೂಟರಿನ ಕೀಲಿ ತೆಗೆದುಕೊಂಡ. "ಹತ್ಕೋ ಹಿಂದೆ. ಉಳಿದೋರ ಕೊಳಕ್ಕೂ ಹೋಗೋಣ."

ಹಬ್ಬದವರೆಗಿನ ಹಗಲುಗಳೆಲ್ಲ ಆ ಸ್ಕೂಟರಿನ ಮೇಲೆ ಕಳೆದವು. ಮುಂಗಾರಿನ ಮೋಡ ತಲೆಯ ಮೇಲೆ ಒದ್ದೆ ಕಂಬಳಿಯಂತೆ ತೂಗುತ್ತಿತ್ತು, ಗಾಳಿ ಇರಲಿಲ್ಲ. ಮುದ್ರೆ ಹರಿಯಲು ಕೆಲವರು ಅಂಜಿದರು. ಚಿನ್‌ಶುಯಿ ಅವರಿಗೆ ತನ್ನ ಪೆಟ್ಟಿಗೆ ನಡೆಯುತ್ತಿರುವುದನ್ನು ಫೋನಿನಲ್ಲಿ ತೋರಿಸಿದ. ಒಪ್ಪದವರನ್ನು ಚ್ವಾನ್ ಅತ್ತೆಗೆ ಒಪ್ಪಿಸಿದ.

"ಭರವಸೆ ರದ್ದಾಗುತ್ತಂತೆ," ಎಂದ ಒಬ್ಬ.

"ಹೋದ್ವರ್ಷ ನಿನ್ನ ಚಕ್ರ ಕೆಟ್ಟಾಗ ಭರವಸೆ ಬಂದು ರಿಪೇರಿ ಮಾಡ್ತಾ?" ಎಂದಳು ಚ್ವಾನ್ ಅತ್ತೆ. "ಬಂದದ್ದು ಕುರುಕಲು ತಿಂಡಿ. ಅದನ್ನೂ ತಿನ್ನಬಾರದು, ನೋಡ್ತಾ ಕೂರ್ಬೇಕು."

ಆತ ಮುದ್ರೆ ಹರಿದ.

ಹಬ್ಬದ ಹಿಂದಿನ ದಿನ ಒಂದೇ ಪೆಟ್ಟಿಗೆ ಉಳಿದಿತ್ತು. ಅದು ಹೆದ್ದಾರಿಯ ಪಕ್ಕದ ಪ್ರದರ್ಶನ ಕೊಳದ್ದು. ಕೊಳವೂ ಮೀನೂ ಕಂಪನಿಯವೇ. ಗಿರಾಕಿಗಳನ್ನು ಕರೆತಂದು ತೋರಿಸಲು ಕಟ್ಟಿದ ಗಾಜಿನ ಚಪ್ಪರ, ಸುಣ್ಣ ಬಳಿದ ದಂಡೆ. ತು ಬಾಗಿಲಲ್ಲೇ ನಿಂತಿದ್ದ. ಸುದ್ದಿ ಮುಟ್ಟಿತ್ತು.

"ನಮ್ಮ ಮುದ್ರೆ ಹರಿಯೋಕೆ ನೀವ್ಯಾರು?"

"ಹರಿದೋರು ಅದರ ಒಡೆಯರು," ಎಂದಳು ಸುಹ್ವಾ. "ಇದರ ಒಡೆಯರು ನೀವು. ನೀವೇ ಹರೀರಿ. ಒಂದು ಸಾಲು ಹೇಳ್ತೀನಿ, ನಿಮ್ಮ ಕೈಯಿಂದ್ಲೇ ಬರೀರಿ."

"ನಾಡಿದ್ದು ಪಿಂಗ್ತುಂಗ್ ಕಡೆಯಿಂದ ದೊಡ್ಡ ಗಿರಾಕಿಗಳು ಬರ್ತಾರೆ. ಓಡ್ತಿರೋ ಪೆಟ್ಟಿಗೆ ಮುಟ್ಟಲ್ಲ ನಾನು."

"ನಾಡಿದ್ದು ಮಧ್ಯಾಹ್ನ ಅದು ಓಡಲ್ಲ."

"ನೀವು ಗುಂಡಿ ಒತ್ತಿದ್ರೆ ತಾನೆ?" ತು ನಕ್ಕ. "ಒತ್ತಲ್ಲ ಅಕ್ಕ ನೀವು. ಇಷ್ಟು ಸೆಕೇಲಿ ಊರೂರು ಅಲೆದು ಬೇರೆಯೋರ ಮೀನು ಉಳಿಸಿದೋರು, ಇಲ್ಲಿರೋ ಮೀನನ್ನ ಸಾಯೋಕೆ ಬಿಡ್ತೀರಾ? ನಿಮ್ಮ ಗುಣ ನಮಗೆ ಗೊತ್ತು. ಅದನ್ನ ನಂಬ್ಕೊಂಡೇ ಇಷ್ಟು ವರ್ಷ ವ್ಯಾಪಾರ ಮಾಡಿದ್ದೀವಿ."

ಆ ಮಾತನ್ನು ಆತ ಹೊಗಳಿಕೆಯಾಗಿ ಆಡಿದ್ದ. ಅದರಲ್ಲಿ ಸುಳ್ಳೂ ಇರಲಿಲ್ಲ. ಒಬ್ಬರ ಒಳ್ಳೆಯತನವನ್ನು ಬಂಡವಾಳದ ಕಾಲಮಿನಲ್ಲಿ ಬರೆದುಕೊಂಡವನಿಗೆ ಮಾತಿನಿಂದ ಕಳೆಯುವ ಲೆಕ್ಕ ಕಲಿಸಲಾಗುವುದಿಲ್ಲ. ಅವಳು ಸ್ಕೂಟರ್ ಹತ್ತಿದಳು. ಹಿಂದೆ ತು ಪೆಟ್ಟಿಗೆಯ ಮೇಲೆ ಹೊಸ ಹಸಿರು ಪೊಟ್ಟಣ ಕಟ್ಟುತ್ತಿರುವುದು ಕನ್ನಡಿಯಲ್ಲಿ ಕಂಡಿತು.

ಹಬ್ಬದ ಮರುದಿನ ಬೆಳಗ್ಗೆ ಸುಹ್ವಾ ತನ್ನ ಮೇಜಿನ ಮುಂದೆ ಕೂತಳು. ಮೊದಲು ಚಿಕ್ಕಪ್ಪನಿಗೆ ಫೋನ್ ಮಾಡಿದಳು.

"ಹೆದ್ದಾರಿ ಕೊಳಕ್ಕೆ ಹೋಗು. ಚಪ್ಪರದ ಪಕ್ಕದ ಕಂಬದಲ್ಲಿ ಚಕ್ರದ ಕೈಗುಂಡಿ ಇದೆ. ಮಧ್ಯಾಹ್ನ ಪೆಟ್ಟಿಗೆ ನಿಂತ ತಕ್ಷಣ ಒತ್ತು."

"ಆ ಬಡ್ಡಿಮಗನ ಮೀನು ನಾನು ಕಾಯ್ಬೇಕಾ?"

"ಮೀನು ಏನು ಮಾಡಿದೆ ನಿನಗೆ?"

ಆಮೇಲೆ ಹಳೆಯದಕ್ಕಾಗಿ ಬರೆದಿದ್ದುದನ್ನೆಲ್ಲ ಅಳಿಸಿದಳು. ಎರಡು ಒಲೆಗಳಲ್ಲಿ ಒಂದು ಆರಿತು. ‘ಇದು ಹಳೆಯದಾದರೆ ಹೀಗೆ, ಹೊಸದಾದರೆ ಹಾಗೆ’ ಎಂಬ ಕವಲುಗಳು ಪುಟ ಪುಟಗಳಾಗಿ ಹೋದವು. ಕೊ ಸಿಟ್ಟಿನಲ್ಲಿ ಬರೆದಿಟ್ಟ ಟಿಪ್ಪಣಿಗಳೂ ಅವುಗಳ ಜೊತೆ ಹೋದವು. ಉಳಿದದ್ದು ಮೊದಲಿಗಿಂತ ಚಿಕ್ಕದು, ಓದಲು ಬರುವಂಥದು. ಹೊಸ ಅಳತೆಗೋಲಿನ ತಿದ್ದುಪಡಿ ಸೇರಿಸಿ, ಹೆಸರು ಬದಲಿಸದೆ, ಬಿಡುಗಡೆ ಮಾಡಿದಳು.

ಮಧ್ಯಾಹ್ನ ಕಳೆದ ಸ್ವಲ್ಪ ಹೊತ್ತಿಗೆ ‘ಮೀನುಸಿರಿ’ನ ಸಾರ್ವಜನಿಕ ಪುಟದಲ್ಲಿ ಕಂಪನಿಯ ಹೆಸರಿನ ದೂರು ಬಂತು. ಎಲ್ಲರಿಗೂ ಕಾಣುವಂತೆ ಬರೆದಿದ್ದರು: ಹೊಸ ಬಿಡುಗಡೆ ಹಾಳಾಗಿದೆ, ನಿರ್ವಹಣೆ ಬೇಜವಾಬ್ದಾರಿಯದು, ಕೂಡಲೇ ಹಿಂದೆಗೆಯಬೇಕು. ಸುಹ್ವಾ ಅದರ ಕೆಳಗೆ ವರ್ಷದ ಹಿಂದಿನ ತನ್ನ ಪ್ರಕಟಣೆಯ ಕೊಂಡಿಯನ್ನು ಇಟ್ಟು, ಬೇರೊಂದು ಅಕ್ಷರ ಬರೆಯದೆ, ದೂರನ್ನು ಮುಚ್ಚಿದಳು.

ಫೋನ್ ಬಂತು. ತು.

"ಅಕ್ಕ, ನಿಂತ್ಹೋಯ್ತು. ಗಿರಾಕಿಗಳು ಇಲ್ಲೇ ಇದಾರೆ. ನಿಮ್ಮ ಚಿಕ್ಕಪ್ಪ ಬಂದು ಕೈಗುಂಡಿ ಒತ್ತಿ ಚಕ್ರ ತಿರುಗಿಸಿದ್ದಾರೆ. ಮಾನ ಹೋಗ್ತಿದೆ ಅಕ್ಕ. ಹೇಳಿ, ಏನು ಮಾಡ್ಲಿ?"

"ಮುದ್ರೆ ಹರೀರಿ."

ಕಾಗದ ಹರಿದ ಸದ್ದು. ಅವಳು ಒಂದು ಸಾಲನ್ನು ಅಕ್ಷರ ಅಕ್ಷರವಾಗಿ ಹೇಳಿದಳು. ಆತ ಟೈಪ್ ಮಾಡಿದ. ಎರಡು ಕೈಯೂ ಬೇಕಾದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿದ್ದ. ಹಿಂದೆ ಜನರ ಪಿಸುಮಾತು ಕೇಳುತ್ತಿತ್ತು.

"ಹಳೇದು ಮತ್ತೆ ಬಂತು," ಎಂದ ತು. ಉಸಿರು ಬಿಟ್ಟ. "ಬಂತು ಅಕ್ಕ, ಉಪಕಾರ ಆಯ್ತು."

"ಮುಗಿದಿಲ್ಲ. ಮೇಲೆ ಒಂದು ಸಾಲಿದೆ, ಪಕ್ಕದಲ್ಲಿ ‘ಗದ್ದಲ ಬೇಡ’ ಅಂತ ಬರೆದಿದೆ. ಸಿಕ್ತಾ? ಅಳಿಸಿ. ಈಗ ಆರಿಸಿ, ಹೊತ್ತಿಸಿ. ಏನು ಬಂತು ಓದಿ."

"ಏನೋ ಬಂದಿದೆ…"

"ಜೋರಾಗಿ ಓದಿ. ನನಗೆ ಕೇಳಿಸ್ತಿಲ್ಲ."

ತು ಓದಿದ. "‘ಎಚ್ಚರಿಕೆ. ಈ ಆವೃತ್ತಿಗೆ ಬೆಂಬಲ ದೋಣಿಹಬ್ಬದ ಮರುದಿನ ನಿಲ್ಲುತ್ತದೆ. ಈಗಿರುವುದನ್ನೇ ಉಳಿಸಿಕೊಳ್ಳುವವರು ಈ ಕೆಳಗಿನ ಸಾಲನ್ನು…’"

ಅಲ್ಲಿಗೆ ಧ್ವನಿ ನಿಂತಿತು. ಕೆಳಗಿದ್ದದ್ದು ಆತ ಈಗತಾನೆ ಟೈಪ್ ಮಾಡಿದ ಸಾಲು.

"ಇದು ಯಾವಾಗಿಂದ ಬರ್ತಿದೆ?" ಎಂದು ಯಾರೋ ಅಪರಿಚಿತರು ಕೇಳಿದ್ದು ಸ್ಪೀಕರಿನಲ್ಲಿ ಕೇಳಿಸಿತು. ಗಿರಾಕಿಗಳಲ್ಲೊಬ್ಬ ಇರಬೇಕು. ಚಿನ್‌ಶುಯಿ ಉತ್ತರಿಸಿದ. "ವರ್ಷದಿಂದ, ದಿನಾ ಮಧ್ಯಾಹ್ನ. ಇವರು ಬಾಯಿ ಮುಚ್ಚಿಸಿ, ತಲೆಮೇಲೆ ತಿಂಡಿ ಕಟ್ಟಿದ್ರು."

ಸುಹ್ವಾ ಫೋನ್ ಇಟ್ಟಳು. ಗೆದ್ದ ಹಿಗ್ಗು ಅವಳಿಗೆ ಬರಲಿಲ್ಲ. ಕೊ ಮರಳಿ ಬರುವುದಿಲ್ಲ. ಹಳೆಯದಕ್ಕೆ ಸುರಿದ ವರ್ಷಗಳನ್ನು ಯಾವ ಲೆಕ್ಕದಲ್ಲೂ ಹಿಂದಿರುಗಿ ಪಡೆಯಲಾಗದು. ಉಳಿದ ಶೇಷ ಸಿಟ್ಟೊಂದೇ. ಅದನ್ನು ಭಾಗಿಸುವ ಸಂಖ್ಯೆ ಅವಳಿಗೆ ಸಿಕ್ಕಿರಲಿಲ್ಲ, ಹುಡುಕುವ ಮನಸ್ಸೂ ಇರಲಿಲ್ಲ.

ಸಂಜೆಗೆ ಚಿಕ್ಕಪ್ಪ ಮತ್ತೆ ಫೋನ್ ಮಾಡಿದ.

"ಗಿರಾಕಿಗಳು ಊಟಕ್ಕೂ ನಿಲ್ದೆ ಹೊರಟ್ರು. ಹೋಗೋ ಮುಂಚೆ ಒಬ್ಬ ನಿನ್ನ ಪುಟದ ವಿಳಾಸ ಬರ್ಕೊಂಡ. ಕೋಪ ಇಳೀತಾ ಮಗಳೇ?"

"ಇಲ್ಲ."

"ಇಳೀಬೇಡ ಬಿಡು, ಒಳ್ಳೇದೇ. ಅಂದ್ಹಾಗೆ, ಈ ಹಸಿರು ಪೊಟ್ಟಣನ ತು ಕಿತ್ತು ದಂಡೆ ಮೇಲೆ ಎಸೆದಿದ್ದ. ಎತ್ಕೊಂಡು ಬಂದೆ. ಏನ್ಮಾಡ್ಲಿ ಇದನ್ನ?"

"ಗಡುವು ಇದೆಯಾ?"

"ಇದೆ."

"ತಿನ್ನು."

"ಯಂತ್ರದ್ದು ಕಣೇ. ತಿನ್ಬಾರ್ದು."

"ನಾನು ಹೇಳ್ತಿದ್ದೀನಿ, ತಿನ್ನು."

ಆ ಕಡೆ ಪೊಟ್ಟಣ ಹರಿದ ಸದ್ದು ಕೇಳಿಸಿತು.